ಹಳೆಯ ಅಂಬಾಸಿಡರ್‌ಗೆ ಹಜಾರ್ಡ್ ಲೈಟ್ ಹಾಕಬೇಕು, ಯಾರಾದ್ರೂ ಹಾಕಿದ್ದೀರಾ?

ಮಾರ್ಕ್‌ತ್ರೀ ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪನ 1978ರ ಅಂಬಾಸಿಡರ್ ಮಾರ್ಕ್ 3 ಇದೆ. ಎಂಜಿನ್ ಛಲೋ ಇದೆ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಹಳೆಯದೇ, 12 ವೋಲ್ಟ್. ಇದರಲ್ಲಿ ಹಜಾರ್ಡ್ ಲೈಟ್ ಇಲ್ಲ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕಬೇಕು, ಅಷ್ಟೇ ನನ್ನ ಆಸೆ.

ಯಾಕೆ ಬೇಕು ಅಂದರೆ, ಹೋದ ತಿಂಗಳು ಹುಮನಾಬಾದ್‌ನಿಂದ ರಾತ್ರಿ ವಾಪಸ್ ಬರುವಾಗ ಕಮಲಾಪುರ ದಾಟಿದ ಮೇಲೆ ಗಾಡಿ ನಿಂತುಬಿಟ್ಟಿತು. ಪೆಟ್ರೋಲ್ ಪಂಪಿನ ಡಯಾಫ್ರಮ್ ಹರಿದಿತ್ತು. ರೋಡಿನ ಪಕ್ಕಕ್ಕೆ ತಳ್ಳಿದೆವು, ಆದರೆ ಎರಡು ಚಕ್ರ ಇನ್ನೂ ಡಾಂಬರಿನ ಮೇಲೇ ಇದ್ದವು. ಬೇರೆ ದಾರಿ ಕಾಣದೆ ಬಲಗಡೆ ಇಂಡಿಕೇಟರ್ ಹಾಕಿದೆ. ನಮ್ಮ ಕಡೆ ಲಾರಿಯವರಿಗೆ ಬಲ ಇಂಡಿಕೇಟರ್ ಅಂದರೆ "ಮುಂದೆ ಖಾಲಿ ಇದೆ, ನೀನು ಹೋಗು" ಅಂತಲೂ ಆಗುತ್ತದೆ, "ನಾನು ಬಲಕ್ಕೆ ತಿರುಗುತ್ತೇನೆ" ಅಂತಲೂ ಆಗುತ್ತದೆ. "ನಾನು ನಿಂತಿದ್ದೇನೆ" ಅಂತ ಮಾತ್ರ ಯಾರಿಗೂ ಅನ್ನಿಸುವುದಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಎಷ್ಟು ಹತ್ತಿರದಿಂದ ಹೋಯಿತೆಂದರೆ ಕಬ್ಬಿನ ಸೋಗೆ ನಮ್ಮ ಕನ್ನಡಿಗೆ ಸರ್ರನೆ ಉಜ್ಜಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಆಮೇಲೆ ನಮ್ಮ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಒಂದು ಟಾಗಲ್ ಸ್ವಿಚ್ ತಂದು ಎಡಗಡೆ ವೈರಿಗೂ ಬಲಗಡೆ ವೈರಿಗೂ ನಡುವೆ ಹಾಕಿ ಆಯ್ತು ಹೋಗಿ ಅಂದರು. ಈಗ ಕೀ ಆನ್ ಮಾಡಿ, ಟಾಗಲ್ ಒತ್ತಿ, ಮೇಲೆ ಇಂಡಿಕೇಟರ್ ಕಡ್ಡಿಯನ್ನೂ ಒಂದು ಕಡೆಗೆ ತಳ್ಳಿದರೆ ಮಾತ್ರ ನಾಲ್ಕೂ ಉರಿಯುತ್ತವೆ. ಅದೂ ಹುಚ್ಚು ಹಿಡಿದ ಹಾಗೆ ಟಕಟಕ ಬಡಿದುಕೊಂಡು, ಆಮೇಲೆ ಸುಮ್ಮನಾಗುತ್ತವೆ. ಕೀ ಆಫ್ ಮಾಡಿದರೆ ಏನೂ ಇಲ್ಲ. ಇದು ಸರಿ ಅಲ್ಲ ಅಂತ ನನಗೂ ಗೊತ್ತಾಗುತ್ತದೆ, ಆದರೆ ಸರಿ ಯಾವುದು ಅಂತ ಗೊತ್ತಿಲ್ಲ. ಹೇಳಿ.

ಶಹಾಬಾದ್ ವೈರಿಂಗ್

ಅಣ್ಣಾ, ಮೊದಲು ಆ ಟಾಗಲ್ ತೆಗೆಯಿರಿ. ಅದು ಹಜಾರ್ಡ್ ಅಲ್ಲ, ಎಡ ಬಲ ಎರಡನ್ನೂ ಕೂಡಿಸುವ ಗಂಟು ಅಷ್ಟೇ. ಒಂದು ದಿನ ಅದನ್ನು ಆಫ್ ಮಾಡಲು ಮರೆತು ಎಡ ಇಂಡಿಕೇಟರ್ ಹಾಕಿದರೆ ಬಲಗಡೆಯದೂ ಮಿಣುಕುತ್ತದೆ, ಹಿಂದಿನವನು ಏನಂತ ತಿಳಿಯಬೇಕು?

ನಿಮ್ಮದರಲ್ಲಿ ಎರಡು ತೊಂದರೆ ಇವೆ. ಒಂದು, ಕರೆಂಟು. ನಿಮ್ಮ ಇಂಡಿಕೇಟರ್‌ಗೆ ಕರೆಂಟು ಬರುವುದೇ ಕೀ ಮೂಲಕ. ಗಾಡಿ ಕೆಟ್ಟು ನಿಂತಾಗ ಕೀ ಆನ್ ಇಟ್ಟು ಕೂತರೆ ಏನಾಗುತ್ತದೆ ಗೊತ್ತಲ್ವಾ? ಎಂಜಿನ್ ನಿಂತಾಗ ಪಾಯಿಂಟ್ (ಕಾಯಿಲ್ ಕರೆಂಟನ್ನು ಕೂಡಿಸಿ ಬಿಡಿಸುವ ತುದಿ) ಕೂಡಿಕೊಂಡಿದ್ದರೆ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ ಕರೆಂಟು ಹರಿಯುತ್ತಲೇ ಇರುತ್ತದೆ. ಅರ್ಧ ಗಂಟೆಯಲ್ಲಿ ಕಾಯಿಲ್ ಮುಟ್ಟಲಾಗದಷ್ಟು ಕಾಯುತ್ತದೆ, ಪಾಯಿಂಟೂ ಸುಡುತ್ತದೆ. ಪಂಪ್ ಕೆಟ್ಟು ನಿಂತ ಗಾಡಿ ಕಾಯಿಲನ್ನೂ ಕಳೆದುಕೊಂಡು ಮನೆಗೆ ಬರುತ್ತದೆ. ಹಾಗಾಗಿ ಹಜಾರ್ಡ್ ಕೀ ಇಲ್ಲದೆ, ಬ್ಯಾಟರಿಯಿಂದ ನೇರವಾಗಿ, ನಡುವೆ ಒಂದು ಫ್ಯೂಸ್ ಇಟ್ಟು ನಡೆಯಬೇಕು.

ಎರಡನೆಯದು ಫ್ಲ್ಯಾಷರ್, ಅಂದರೆ ಇಂಡಿಕೇಟರನ್ನು ಮಿಣುಕಿಸುವ ಡಬ್ಬಿ. ನಿಮ್ಮ ಒಂದೊಂದು ಇಂಡಿಕೇಟರ್ ಬಲ್ಬ್ 21 ವ್ಯಾಟ್. ಒಂದು ಕಡೆಗೆ ಎರಡು ಬಲ್ಬ್ ಅಂದರೆ 42 ವ್ಯಾಟ್, ಮೂರೂವರೆ ಆಂಪಿಯರ್. ನಾಲ್ಕೂ ಕೂಡಿದರೆ 84 ವ್ಯಾಟ್, 7 ಆಂಪಿಯರ್. ಹಳೆಯ ಫ್ಲ್ಯಾಷರ್ ಡಬ್ಬಿ ಒಳಗಿನ ತಂತಿ ಕಾದು ತಣಿಯುವುದರಿಂದ ನಡೆಯುತ್ತದೆ, ಅದರ ತಾಳ ಎರಡು ಬಲ್ಬಿಗೆ ಹೊಂದಿಸಿದ್ದು. ನಾಲ್ಕರ ಭಾರ ಬಿದ್ದರೆ ತಾಳ ತಪ್ಪುತ್ತದೆ. ನೀವು ನೋಡಿದ ಟಕಟಕ ಅದೇ. ಎಲೆಕ್ಟ್ರಾನಿಕ್ ಫ್ಲ್ಯಾಷರ್ ತನ್ನಿ, ನಾಲ್ಕು ಬಲ್ಬಿಗೂ ಆಗುವಂಥದ್ದು ಅಂತ ಕೇಳಿ ತನ್ನಿ. ನಿಮಿಷಕ್ಕೆ 60ರಿಂದ 120 ಸಲ ಮಿಣುಕಿದರೆ ಸರಿ ಇದೆ ಅಂತ ಅರ್ಥ.

ಒಂದು ಎಚ್ಚರಿಕೆ. ಎಲೆಕ್ಟ್ರಾನಿಕ್ ಫ್ಲ್ಯಾಷರ್‌ಗೆ ಪ್ಲಸ್ ಮೈನಸ್ ಉಲ್ಟಾ ಆದರೆ ಸತ್ತೇಹೋಗುತ್ತದೆ. ಇಂಗ್ಲಿಷ್ ಮೂಲದ ಕೆಲವು ಹಳೆಯ ಗಾಡಿಗಳಲ್ಲಿ ಪ್ಲಸ್ಸನ್ನೇ ಗಾಡಿಯ ತಗಡಿಗೆ ಕಟ್ಟಿರುತ್ತಿದ್ದರು. ಬಾನೆಟ್ ಎತ್ತಿ ಬ್ಯಾಟರಿಯ ಯಾವ ಕಂಬದಿಂದ ಗಾಡಿಯ ತಗಡಿಗೆ ವೈರ್ ಹೋಗಿದೆ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಕರೆಂಟು ಎಲ್ಲಿಂದ ತೆಗೆಯಬೇಕು ಅಂತ ಮುಂದೆ ಕೇಳುತ್ತೀರಿ, ಈಗಲೇ ಹೇಳುತ್ತೇನೆ. ಲ್ಯೂಕಸ್ ಕಂಪನಿಯ ಫ್ಯೂಸ್ ಬಾಕ್ಸಿನಲ್ಲಿ ಎ1, ಎ2, ಎ3, ಎ4 ಅಂತ ಬರೆದಿರುತ್ತದೆ. ಎ1ಕ್ಕೆ ಕಂದು ವೈರ್, ಅದು ಯಾವಾಗಲೂ ಜೀವಂತ. ಫ್ಯೂಸ್ ದಾಟಿದ ಮೇಲೆ ಎ2, ನೇರಳೆ, ಹಾರ್ನ್ ಕಡೆಗೆ ಹೋಗುವುದು. ಎ3 ಬಿಳಿ, ಕೀಯಿಂದ ಬರುವುದು. ಎ4 ಹಸಿರು, ಇಂಡಿಕೇಟರ್ ನಿಂತಿರುವುದು ಇದರ ಮೇಲೆ. ಹಜಾರ್ಡ್‌ಗೆ ಕಂದು ಕಡೆಯಿಂದ ತೆಗೆದು ಬೇರೆ ಫ್ಯೂಸ್ ಹಾಕಿ. ಎಡ ಇಂಡಿಕೇಟರ್ ಹಸಿರಿಗೆ ಕೆಂಪು ಗೆರೆ, ಬಲ ಹಸಿರಿಗೆ ಬಿಳಿ ಗೆರೆ, ಫ್ಲ್ಯಾಷರ್‌ನಿಂದ ಕಡ್ಡಿಗೆ ಹೋಗುವುದು ತಿಳಿ ಹಸಿರಿಗೆ ಕಂದು ಗೆರೆ. ಇದು ಪುಸ್ತಕದ ಲೆಕ್ಕ. ನಿಮ್ಮ ಗಾಡಿಗೆ ನಡುವೆ ಎಷ್ಟು ಜನ ಕೈ ಹಾಕಿದ್ದಾರೋ, ನಮ್ಮ ಬಿಸಿಲಿಗೆ ಎಲ್ಲ ಬಣ್ಣವೂ ಒಂದೇ ಮಣ್ಣಿನ ಬಣ್ಣ ಆಗಿರುತ್ತದೆ. ಬಣ್ಣ ನಂಬಬೇಡಿ, ಕರೆಂಟು ಇದೆಯಾ ಅಂತ ತೋರಿಸುವ ಟೆಸ್ಟ್ ಲ್ಯಾಂಪ್ ನಂಬಿ.

ಬೀದರ್ ಬಾನೆಟ್

ಎಲ್ಲ ಸರಿ, ಆದರೆ ದಯವಿಟ್ಟು ಡ್ಯಾಶ್‌ಬೋರ್ಡಿಗೆ ತೂತು ಕೊರೆಯಬೇಡಿ! ಮಾರ್ಕ್ 3 ಡ್ಯಾಶ್ ಈಗ ಎಲ್ಲಿ ಸಿಗುತ್ತದೆ ಹೇಳಿ. ಕೆಳಗೆ ಒಂದು ಸಣ್ಣ ತಗಡಿನ ಪಟ್ಟಿ ಬಗ್ಗಿಸಿ, ಇರುವ ಸ್ಕ್ರೂಗೇ ಸಿಕ್ಕಿಸಿ, ಅದರಲ್ಲಿ ಸ್ವಿಚ್ ಕೂರಿಸಿ. ನಾಳೆ ಬೇಡ ಅಂದರೆ ಬಿಚ್ಚಿದರಾಯ್ತು. ಹಳೆಯ ವೈರನ್ನೂ ಕತ್ತರಿಸಬೇಡಿ, ಎರಡು ವೈರ್ ಕೂಡಿಸುವ ಬುಲೆಟ್ ಕನೆಕ್ಟರ್ ಇರುವ ಕಡೆ ಜೋಡಿ ಕನೆಕ್ಟರ್ ಹಾಕಿ ಕವಲು ತೆಗೆಯಬಹುದು. ನಿಮ್ಮ ಗಾಡಿಗೆ 2028ಕ್ಕೆ 50 ತುಂಬುತ್ತದೆ. 2021ರಲ್ಲಿ ಬಂದ ನಿಯಮದ ಪ್ರಕಾರ 50 ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಮೂಲ ರೂಪ ಉಳಿಸಿಕೊಂಡಷ್ಟೂ ಒಳ್ಳೆಯದು.

ಇನ್ನೊಂದು, ಕೆಂಪು ತ್ರಿಕೋನ ಒಂದು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಲೈಟಿಗಿಂತ ಅದು ದೂರದಿಂದಲೇ ಹೇಳುತ್ತದೆ. ಲಾರಿಯವರ ಹಾಗೆ ಬೇವಿನ ಟೊಂಗೆ ಮುರಿದು ಹಿಂದೆ ಕಲ್ಲು ಜೋಡಿಸಿ ಹೊರಡುವಾಗ ಕಲ್ಲು ಅಲ್ಲೇ ಬಿಟ್ಟು ಹೋಗಬೇಡಿ. ಆ ಕಲ್ಲಿಗೆ ನನ್ನ ಬೈಕ್ ಹಾರಿದೆ, ಅದು ಬೇರೆ ಕಥೆ.

ಸೇಡಂ ರೋಡ್ ಸವಾರ

ಇಷ್ಟೆಲ್ಲಾ ಯಾಕೆ? ನನ್ನ ಹಳೆಯ ಜೀಪಿಗೆ ಎರಡನೇ ಫ್ಲ್ಯಾಷರ್ ಹಾಕಿಕೊಂಡಿದ್ದೇನೆ. ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ಹೊಸ ಫ್ಲ್ಯಾಷರ್, ಅಲ್ಲಿಂದ ಎರಡು ಪೋಲ್ ಇರುವ ಆನ್-ಆಫ್ ಸ್ವಿಚ್. ಒಂದು ಪೋಲ್ ಎಡಕ್ಕೆ, ಒಂದು ಬಲಕ್ಕೆ. ಆಫ್ ಇದ್ದಾಗ ಎಡ ಬಲ ಒಂದಕ್ಕೊಂದು ತಾಗುವುದಿಲ್ಲ. ಹಳೆಯ ವೈರಿಂಗ್ ಹಾಗೇ ಇರುತ್ತದೆ. ಅರ್ಧ ದಿನದ ಕೆಲಸ. ನಾನಂತೂ ಜಗತ್ ಸರ್ಕಲ್‌ನಲ್ಲಿ ನೇರ ಹೋಗುವಾಗಲೂ ನಾಲ್ಕೂ ಹಾಕಿಕೊಂಡೇ ಹೋಗುತ್ತೇನೆ, ಜನ ದಾರಿ ಬಿಡುತ್ತಾರೆ.

ಶಹಾಬಾದ್ ವೈರಿಂಗ್

ವೈರಿಂಗ್ ಪರವಾಗಿಲ್ಲ, ಸರ್ಕಲ್ ವಿಷಯ ಒಪ್ಪುವುದಿಲ್ಲ. ನೇರ ಹೋಗುವವನಿಗೆ ಯಾವ ಲೈಟೂ ಬೇಡ. ಎಡಗಡೆಯಿಂದ ಬರುವವನಿಗೆ ನಿಮ್ಮ ಎಡ ಇಂಡಿಕೇಟರ್ ಮಾತ್ರ ಕಾಣುತ್ತದೆ, ನೀವು ಅವನ ಕಡೆ ತಿರುಗುತ್ತೀರಿ ಅಂದುಕೊಂಡು ನುಗ್ಗುತ್ತಾನೆ. ಮಳೆಯಲ್ಲಿ ಓಡಿಸುವಾಗ ಹಾಕುವುದೂ ಅಷ್ಟೇ, ನಿಜವಾಗಿ ತಿರುಗಬೇಕಾದಾಗ ತೋರಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ.

ಯಾದಗಿರಿ ಪದ್ಮಿನಿ

ನನ್ನದು ಪದ್ಮಿನಿ, ಆದರೆ ನೋವು ಒಂದೇ. ಎರಡು ಮಾತು.

ಬಲ್ಬ್ ಹಿಡಿಯುವ ಹೋಲ್ಡರ್ ಮೊದಲು ನೋಡಿ. ನನ್ನದರಲ್ಲಿ ಎಲ್ಲ ಹೊಸದು ಹಾಕಿದ ಮೇಲೂ ಹಿಂದಿನ ಎಡ ಲೈಟ್ ಮಂಕಾಗಿ ಉರಿಯುತ್ತಿತ್ತು, ಅದರ ಜೊತೆ ಟೇಲ್ ಲೈಟೂ ಮಿಣುಕುತ್ತಿತ್ತು. ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಕರೆಂಟು ಗಾಡಿಯ ತಗಡಿಗೆ ವಾಪಸ್ ಹೋಗುವ ಅರ್ಥ್ ಸ್ಕ್ರೂ ಕೆಳಗೆ ತುಕ್ಕು, ತುಕ್ಕಿನ ಮೇಲೆ ಯಾರೋ ಪೇಂಟ್ ಬೇರೆ ಹೊಡೆದಿದ್ದರು. ಮರಳು ಕಾಗದದಲ್ಲಿ ತಗಡು ಹೊಳೆಯುವ ತನಕ ಉಜ್ಜಿ ಸ್ಕ್ರೂ ಬಿಗಿ ಮಾಡಿದೆ, ಅಷ್ಟೇ.

ಎಲ್‌ಇಡಿ ಬಲ್ಬ್ ಹಾಕುವ ಆಸೆಗೆ ಬೀಳಬೇಡಿ. ಅವು ಎಳೆಯುವ ಕರೆಂಟು ತೀರಾ ಕಡಿಮೆ, ಮಾಮೂಲಿ ಎಲೆಕ್ಟ್ರಾನಿಕ್ ಫ್ಲ್ಯಾಷರ್‌ಗೆ ಬಲ್ಬ್ ಸುಟ್ಟಿದೆ ಅನ್ನಿಸಿ ಜೋರಾಗಿ ಬಡಿದುಕೊಳ್ಳುತ್ತದೆ. ಡ್ಯಾಶಿನಲ್ಲಿ ಎಡ ಬಲ ಎರಡಕ್ಕೂ ಸೇರಿ ಒಂದೇ ಸಣ್ಣ ಸೂಚನೆ ಬಲ್ಬ್ ಇರುವ ಗಾಡಿಗಳಲ್ಲಿ ಇನ್ನೂ ತಮಾಷೆ. ಆ ಬಲ್ಬಿನ ಒಂದು ಕಾಲು ಎಡಕ್ಕೆ, ಇನ್ನೊಂದು ಬಲಕ್ಕೆ ಕಟ್ಟಿರುತ್ತಾರೆ. ಎಡಕ್ಕೆ ಹಾಕಿದರೆ ಅದರ ಮೂಲಕ ಸೋರುವ ಚೂರು ಕರೆಂಟಿಗೇ ಬಲಗಡೆಯ ಎಲ್‌ಇಡಿಯೂ ಹೊತ್ತಿಕೊಳ್ಳುತ್ತದೆ. ಇನ್ನು ಹಜಾರ್ಡ್ ಹಾಕಿದಾಗ ಎರಡೂ ಕಾಲಿಗೆ ಒಂದೇ ವೋಲ್ಟ್ ಬರುವುದರಿಂದ ಆ ಬಲ್ಬ್ ಉರಿಯುವುದೇ ಇಲ್ಲ. ಆನ್ ಇದೆಯೋ ಇಲ್ಲವೋ ತಿಳಿಯಲು ಇಳಿದು ನೋಡಬೇಕು. ಹಾಗಾಗಿ ಒಳಗೇ ಕೆಂಪು ದೀಪ ಇರುವ ಸ್ವಿಚ್ ಕೊಳ್ಳಿ.

ಮಾರ್ಕ್‌ತ್ರೀ ಕಲಬುರಗಿ

ಎಲ್ಲರಿಗೂ ಥ್ಯಾಂಕ್ಸ್. ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ? ಮತ್ತೆ ಆರ್‌ಟಿಓದಲ್ಲಿ ತಕರಾರು ಬರುತ್ತಾ? ಐದು ವರ್ಷಕ್ಕೊಮ್ಮೆ ಗಾಡಿ ತೋರಿಸಬೇಕಲ್ಲ.

ಶಹಾಬಾದ್ ವೈರಿಂಗ್

7 ಆಂಪಿಯರ್ ಅಂದೆ, ಆದರೆ ಮಿಣುಕು ಅರ್ಧ ಹೊತ್ತು ಮಾತ್ರ ಉರಿಯುತ್ತದೆ, ಸರಾಸರಿ ಮೂರೂವರೆ ಇಟ್ಟುಕೊಳ್ಳಿ. 50 ಆಂಪಿಯರ್-ಅವರ್ ಬ್ಯಾಟರಿ ಅಂದುಕೊಂಡರೂ ಲೆಕ್ಕದಲ್ಲಿ 14 ಗಂಟೆ ಬರುತ್ತದೆ. ಹಳೆಯ ಬ್ಯಾಟರಿ, ಆಮೇಲೆ ಸೆಲ್ಫ್ ಹೊಡೆಯಲೂ ಉಳಿಯಬೇಕು, ಆದ್ದರಿಂದ ನಾಲ್ಕೈದು ಗಂಟೆ ಧೈರ್ಯವಾಗಿ ಇಡಬಹುದು. ಎಂಜಿನ್ ಐಡಲ್‌ನಲ್ಲಿ ಇಟ್ಟರೆ ಚಾರ್ಜ್ ಆಗುತ್ತೆ ಅಂದುಕೊಳ್ಳಬೇಡಿ, ನಿಮ್ಮದು ಡೈನಮೋ, ಐಡಲ್‌ನಲ್ಲಿ ಅದು ಏನೂ ಕೊಡುವುದಿಲ್ಲ.

ಆರ್‌ಟಿಓ ಬಗ್ಗೆ: ಕಾನೂನು ಬೇಡ ಅನ್ನುವುದು ಆರ್‌ಸಿಯಲ್ಲಿ ಬರೆದ ವಿವರ ಬದಲಾಗುವಂಥ ಮಾರ್ಪಾಡು. ಇರುವ ನಾಲ್ಕು ಲೈಟನ್ನೇ ಒಟ್ಟಿಗೆ ಮಿಣುಕಿಸಿದರೆ ಅಲ್ಲಿ ಯಾವ ವಿವರವೂ ಬದಲಾಗುವುದಿಲ್ಲ. ನೀಲಿ ಕೆಂಪು ಪಟಾಕಿ ಲೈಟ್ ಹಾಕಿದರೆ ಮಾತ್ರ ಹಿಡಿಯುತ್ತಾರೆ.

ಮಾರ್ಕ್‌ತ್ರೀ ಕಲಬುರಗಿ

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ಮೊದಲು ಸೇಡಂ ರೋಡ್ ಅವರ ಎರಡು ಫ್ಲ್ಯಾಷರ್ ದಾರಿಯನ್ನೇ ಹಿಡಿದೆ, ಸುಲಭ ಅನ್ನಿಸಿತು. ನಾಲ್ಕೂ ಚೆನ್ನಾಗಿ ಮಿಣುಕಿದವು. ಮಗಳನ್ನು ಕರೆದು ತೋರಿಸಿದೆ. ಅವಳು ಸೀಟಿನಲ್ಲಿ ಕೂತು ಸುಮ್ನೆ ಇಂಡಿಕೇಟರ್ ಕಡ್ಡಿಯನ್ನು ಎಡಕ್ಕೆ ತಳ್ಳಿದಳು. ಕೀ ನನ್ನ ಜೇಬಿನಲ್ಲಿದೆ, ಆದರೂ ಡ್ಯಾಶಿನಲ್ಲಿ ಡೈನಮೋದ ಕೆಂಪು ದೀಪ ಇಂಡಿಕೇಟರ್ ಜೊತೆ ತಾಳ ಹಾಕಿಕೊಂಡು ಮಿಣುಕಲು ಶುರು ಮಾಡಿತು! ಭೂತ ಹೊಕ್ಕ ಹಾಗೆ. ಇದು ಏನು?

ಶಹಾಬಾದ್ ವೈರಿಂಗ್

ಭೂತ ಅಲ್ಲ, ಹಿಂದಕ್ಕೆ ಹರಿಯುವ ಕರೆಂಟು. ಹೊಸ ಫ್ಲ್ಯಾಷರ್‌ನಿಂದ ಎಡ ವೈರಿಗೆ ಬಂದದ್ದು ಕಡ್ಡಿಯ ಮೂಲಕ ಹಿಂದಕ್ಕೆ ಹತ್ತಿ, ಹಳೆಯ ಫ್ಲ್ಯಾಷರ್ ದಾಟಿ, ಹಸಿರು ವೈರಿನಿಂದ ಫ್ಯೂಸ್ ದಾಟಿ ಬಿಳಿ ವೈರಿಗೆ, ಅಂದರೆ ಇಗ್ನಿಷನ್‌ಗೆ ಹೋಗುತ್ತಿದೆ. ಕಾಯಿಲ್‌ಗೂ ಹೋಗುತ್ತಿದೆ. ಯಾವ ಕಾಯಿಲ್ ಉಳಿಸಲು ಹೊರಟಿದ್ದೆವೋ ಅದಕ್ಕೇ! ನಿಮ್ಮ ಮಗಳು ಒಳ್ಳೆಯ ಮೆಕ್ಯಾನಿಕ್. ನಾನೇ ಆ ಉತ್ತರ ನೋಡಿದಾಗ ಹೇಳಬೇಕಿತ್ತು, ಸರ್ಕಲ್ ಜಗಳದಲ್ಲಿ ಮರೆತೆ. ಕಡ್ಡಿ ನಡುವೆ ಇದ್ದರೆ ತೊಂದರೆ ಇಲ್ಲ, ಆದರೆ ಗಾಬರಿಯಲ್ಲಿ ಕಡ್ಡಿ ನಡುವೆ ಇದೆಯಾ ಅಂತ ಯಾರು ನೋಡುತ್ತಾರೆ.

ಆರು ಕಾಲಿನ ನಿಜವಾದ ಹಜಾರ್ಡ್ ಸ್ವಿಚ್ ತನ್ನಿ, ಹಳೆಯ ಗಾಡಿ ಬಿಚ್ಚುವವರ ಹತ್ತಿರ ಸಿಗುತ್ತದೆ. ಕಾಲಿನ ಮೇಲೆ 15, 30, 49, 49ಎ, ಎಲ್, ಆರ್ ಅಂತ ಇರುತ್ತದೆ. 15ಕ್ಕೆ ಕೀಯ ಹಸಿರು, 30ಕ್ಕೆ ಬ್ಯಾಟರಿ, 49ರಿಂದ ಫ್ಲ್ಯಾಷರ್‌ಗೆ, 49ಎ ಫ್ಲ್ಯಾಷರ್‌ನಿಂದ ವಾಪಸ್. ಎಲ್ ಎಡಕ್ಕೆ, ಆರ್ ಬಲಕ್ಕೆ. ಆಫ್ ಇದ್ದಾಗ 15 ಮತ್ತು 49 ಕೂಡಿರುತ್ತವೆ. ಒತ್ತಿದ ಕ್ಷಣ 49 ಕೀಯನ್ನು ಬಿಟ್ಟು ಬ್ಯಾಟರಿಯನ್ನು ಹಿಡಿಯುತ್ತದೆ, ಹಿಂದೆ ಹೋಗುವ ದಾರಿಯೇ ಮುಚ್ಚುತ್ತದೆ. ಒಂದೇ ಫ್ಲ್ಯಾಷರ್ ಸಾಕು, ನೀವು ತಂದ ಹೊಸದು. ಹಳೆಯ ಡಬ್ಬಿ ಬೀದರ್ ಬಾನೆಟ್ ಅವರಿಗೆ ಕೊಡಿ, ಪೂಜೆ ಮಾಡುತ್ತಾರೆ.

ಬೀದರ್ ಬಾನೆಟ್

ಲ್ಯೂಕಸ್ ಡಬ್ಬಿ ಆದರೆ ಕಳಿಸಿ, ಕೊರಿಯರ್ ಖರ್ಚು ನನ್ನದು. ತಮಾಷೆ ಅಲ್ಲ.

ಸೇಡಂ ರೋಡ್ ಸವಾರ

ಈಗ ಹೋಗಿ ನನ್ನ ಜೀಪ್ ನೋಡಿದೆ. ನನ್ನದರಲ್ಲೂ ಕೆಂಪು ದೀಪ ಮಿಣುಕುತ್ತದೆ. ಮೂರು ವರ್ಷದಿಂದ ಗೊತ್ತೇ ಆಗಿರಲಿಲ್ಲ. ಎರಡು ಕಾಯಿಲ್ ಯಾಕೆ ಹೋದವು ಅಂತ ಈಗ ಅನುಮಾನ ಬರುತ್ತಿದೆ.

ಮಾರ್ಕ್‌ತ್ರೀ ಕಲಬುರಗಿ

ಆರು ಕಾಲಿನ ಸ್ವಿಚ್ ಸಿಕ್ಕಿತು, ಹಾಕಿದ್ದಾಯ್ತು. ಕೀ ಜೇಬಿನಲ್ಲಿ, ಕಡ್ಡಿ ಎಡಕ್ಕೆ, ಬಲಕ್ಕೆ, ನಡುವೆ, ಎಲ್ಲ ಥರ ನೋಡಿದೆ. ಡೈನಮೋ ದೀಪ ಸತ್ತ ಹಾಗೆ ಮಲಗಿದೆ. ನಿಮಿಷಕ್ಕೆ 84 ಸಲ ಮಿಣುಕುತ್ತದೆ, ಮಗಳು ಎಣಿಸಿದಳು. ಡ್ಯಾಶಿಗೆ ತೂತಿಲ್ಲ, ಕೆಳಗೆ ತಗಡಿನ ಪಟ್ಟಿ. ಹಿಂದಿನ ಬಲ ಹೋಲ್ಡರ್‌ನಲ್ಲಿ ತುಕ್ಕು ಇತ್ತು, ಯಾದಗಿರಿ ಪದ್ಮಿನಿ ಹೇಳಿದ ಹಾಗೇ.

ಶಹಾಬಾದ್ ವೈರಿಂಗ್

ಫ್ಯೂಸ್ ಎಷ್ಟು ಹಾಕಿದಿರಿ? ವೈರ್?

ಮಾರ್ಕ್‌ತ್ರೀ ಕಲಬುರಗಿ

ಫ್ಯೂಸ್ 10 ಆಂಪಿಯರ್, ವೈರ್ ಒಂದೂವರೆ ಎಂಎಂ. ಗ್ಲೋವ್ ಬಾಕ್ಸಿನಲ್ಲಿ ಇನ್ನೆರಡು ಫ್ಯೂಸ್ ಇಟ್ಟಿದ್ದೇನೆ. ತ್ರಿಕೋನ ಇನ್ನೂ ತಂದಿಲ್ಲ, ನಾಳೆ ತರುತ್ತೇನೆ.