ಸಹಾಯ ಬೇಕು: ತಲೆಗೆ ಪೆಟ್ಟಾದ ತಮ್ಮನ ಪರಿಹಾರದ ಅರ್ಜಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 29 ವರ್ಷ, ಟೈಲ್ಸ್ ಕೂರಿಸುವ ಕೆಲಸ. ನಾಲ್ಕು ತಿಂಗಳ ಹಿಂದೆ ಹೆದ್ದಾರಿಯಲ್ಲಿ ಲಾರಿಯೊಂದು ಅವನ ಬೈಕಿಗೆ ಹಿಂದಿನಿಂದ ಗುದ್ದಿತು. ತಲೆಗೆ ಶಸ್ತ್ರಚಿಕಿತ್ಸೆಯಾಗಿ ಜೀವ ಉಳಿಯಿತು.

ಈಗ ನೋಡಿದವರು "ಚೆನ್ನಾಗಿಯೇ ಇದ್ದಾನಲ್ಲ" ಎನ್ನುತ್ತಾರೆ. ಕೈಕಾಲು ನೆಟ್ಟಗಿವೆ, ನಿಜ. ಆದರೆ ಅಳತೆ ಪಟ್ಟಿ ಹಿಡಿದು ನಿಂತರೆ ಯಾವ ಕೋಣೆಯ ಅಳತೆ ಎಂಬುದೇ ಮರೆತುಹೋಗುತ್ತದೆ. ಅಂಗಡಿಯಲ್ಲಿ ಚಿಲ್ಲರೆ ಎಣಿಸಲಾರ. ಎಂದೂ ದನಿ ಏರಿಸದವನು ಮಗಳ ಮೇಲೆ ರೇಗುತ್ತಾನೆ, ಆಮೇಲೆ ಅಳುತ್ತಾನೆ. ಇದು ಯಾವ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ.

ವಿಮೆಯ ಕಡೆಯವರೊಬ್ಬರು ಮನೆಗೆ ಬಂದು, ಸಣ್ಣ ಮೊತ್ತಕ್ಕೆ ರಾಜಿಯಾಗಿ ಸಹಿ ಹಾಕಿ ಎಂದರು. ನಾವು ಹಾಕಿಲ್ಲ. ಎಫ್‌ಐಆರ್, ಡಿಸ್ಚಾರ್ಜ್ ಸಾರಾಂಶ, ಸಿಟಿ ಸ್ಕ್ಯಾನ್, ಬಿಲ್ಲುಗಳು ಎಲ್ಲವೂ ಇವೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಮೋಟಾರು ಅಪಘಾತ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ಕಾನೂನಿನಲ್ಲಿದೆ. ಅದಕ್ಕೇ ಈ ಆತುರ.

ತಿಳಿದವರು ದಯವಿಟ್ಟು ಹೇಳಿ. ಅವನಿಗೆ ಬರೆದದ್ದು ಅರ್ಥವಾಗದಿರುವಾಗ ವಕಾಲತ್ತಿಗೆ (ವಕೀಲರನ್ನು ನೇಮಿಸುವ ಪತ್ರಕ್ಕೆ) ಅವನ ಹೆಂಡತಿ ಸಹಿ ಹಾಕಬಹುದೇ? ವೈಕಲ್ಯದ ಶೇಕಡಾವಾರಿಗಿಂತ ದುಡಿಯುವ ಶಕ್ತಿ ಎಷ್ಟು ಕುಂದಿದೆ ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಅದನ್ನು ಸಾಬೀತುಪಡಿಸಲು ಯಾವ ವೈದ್ಯರ ಸಾಕ್ಷ್ಯ ಬೇಕು? ನೆನಪಿನ ಶಕ್ತಿಯ ಪರೀಕ್ಷೆಯ ವರದಿ ಸಾಕೇ?

ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆಂದು ತಿಳಿದು ಸೋಮವಾರ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತಿದ್ದೇನೆ. ತಲೆಪೆಟ್ಟಿನ ಪ್ರಕರಣ ನಡೆಸಿದ ವಕೀಲರು ಯಾರಾದರೂ ಇದ್ದರೆ, ಅದಕ್ಕೂ ಮೊದಲು ಹತ್ತು ನಿಮಿಷ ಮಾತನಾಡಲು ಅವಕಾಶ ಕೊಡಿ.