ಹಳೇ ಲಘು ವಿಮಾನ ಕೊಳ್ಳುವ ಮುನ್ನ: ಇವು ಯಾಕೆ ಬೀಳುತ್ತವೆ, ಕೈ ಎಲ್ಲಿಟ್ಟು ನೋಡಬೇಕು

ಪ್ರಶ್ನೆ

1940ರ ದಶಕದ, ಎರಡು ಸೀಟಿನ, ಬಾಲಚಕ್ರದ ವಿಮಾನವೊಂದನ್ನು ಕೊಳ್ಳುವ ಯೋಚನೆಯಿದೆ. ಪೈಪರ್ ಜೆ-3 ಕಬ್, ಏರೋಂಕಾ ಚಾಂಪ್, ಸೆಸ್ನಾ 140 ಮೂರೂ ಪಟ್ಟಿಯಲ್ಲಿವೆ. ಇಲ್ಲಿವರೆಗೆ ಹಾರಿಸಿದ್ದೆಲ್ಲ ಮೂಗಿನ ಚಕ್ರದ ವಿಮಾನಗಳೇ. ಇಂಥವುಗಳ ಅಪಘಾತದ ಇತಿಹಾಸ ಏನು ಹೇಳುತ್ತದೆ? ವಯಸ್ಸಾಗಿ ಮುರಿದು ಬೀಳುವುದು ಹೆಚ್ಚೋ, ಬೇರೆ ಕಾರಣವೋ? ಕೊಳ್ಳುವಾಗ ಮತ್ತು ಹಾರುವಾಗ ಏನು ನೋಡಬೇಕು? ಗೊತ್ತಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1: ವರದಿಗಳನ್ನು ಓದುವ ಬಗೆ

ಅಮೆರಿಕದಲ್ಲಿ ಸಾರಿಗೆ ಅಪಘಾತಗಳನ್ನು ತನಿಖೆ ಮಾಡುವ ಸಂಸ್ಥೆ ಎನ್‌ಟಿಎಸ್‌ಬಿಯ ದಾಖಲೆಗಳು 1962ರಿಂದೀಚೆಗಿನವು ಅಂತರ್ಜಾಲದಲ್ಲೇ ಸಿಗುತ್ತವೆ. ಮಾದರಿಯ ಹೆಸರು ಹಾಕಿ ಒಂದಷ್ಟು ಓದಿ. ರೆಕ್ಕೆ ಕಳಚಿದ ಪ್ರಕರಣಗಳು ಅಪರೂಪ. ಇಳಿಯುವಾಗ ರನ್‌ವೇ ಮೇಲೆ ಗಿರಕಿ ಹೊಡೆದದ್ದು, ಎಂಜಿನ್ ಶಕ್ತಿ ಕಳೆದುಕೊಂಡದ್ದು, ತಗ್ಗಿನಲ್ಲಿ ತಿರುಗಿಸುವಾಗ ಸ್ಟಾಲ್ ಆದದ್ದು (ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು), ಇವೇ ಮತ್ತೆ ಮತ್ತೆ ಬರುತ್ತವೆ. ಗಿರಕಿ ಹೊಡೆದರೆ ಸಾಮಾನ್ಯವಾಗಿ ಲೋಹ ಬಾಗುತ್ತದೆ, ಜನ ನಡೆದುಕೊಂಡು ಹೊರಬರುತ್ತಾರೆ. ತಗ್ಗಿನ ಸ್ಟಾಲ್‌ನಲ್ಲಿ ಹಾಗೆ ಹೊರಬರುವವರು ಕಡಿಮೆ.

‘ಸಂಭವನೀಯ ಕಾರಣ’ ಎಂಬ ಒಂದು ಸಾಲು ಓದಿ ಮುಚ್ಚಬೇಡಿ. ಹವಾಮಾನದ ಭಾಗದಲ್ಲಿ ತಾಪಮಾನ ಮತ್ತು ಇಬ್ಬನಿ ಬಿಂದು (ಗಾಳಿಯ ತೇವ ನೀರಾಗತೊಡಗುವ ತಾಪ) ನೋಡಿ. ಎರಡೂ ಹತ್ತಿರವಿದ್ದು ‘ಎಂಜಿನ್‌ನಲ್ಲಿ ದೋಷ ಕಂಡುಬಂದಿಲ್ಲ’ ಎಂದಿದ್ದರೆ ಮೊದಲ ಅನುಮಾನ ಕಾರ್ಬ್ಯುರೇಟರ್‌ನ (ಗಾಳಿಗೆ ಪೆಟ್ರೋಲು ಬೆರೆಸುವ ಭಾಗ) ಮಂಜುಗಡ್ಡೆಯ ಮೇಲೆ. ಅದು ಕರಗಿಹೋಗಿರುತ್ತದೆ, ಸಾಕ್ಷ್ಯ ಉಳಿಯುವುದಿಲ್ಲ. ನೀವು ಕೊಳ್ಳಲಿರುವ ವಿಮಾನದ ನೋಂದಣಿ ಸಂಖ್ಯೆಯನ್ನೂ ಹಾಕಿ ಹುಡುಕಿ. ಮೂವತ್ತು ವರ್ಷದ ಹಿಂದೆ ರೆಕ್ಕೆಯ ತುದಿ ನೆಲಕ್ಕೆ ಬಡಿದಿದ್ದರೆ ಅದು ಇವತ್ತಿಗೂ ಮುಖ್ಯ. ಕಾರಣವನ್ನು ಉತ್ತರ 4ರಲ್ಲಿ ನೋಡಿ.

ಉತ್ತರ 2: ಗ್ರೌಂಡ್ ಲೂಪ್ (ನೆಲದ ಮೇಲಿನ ಗಿರಕಿ)

ಬಾಲಚಕ್ರದ ವಿಮಾನದಲ್ಲಿ ಗುರುತ್ವ ಕೇಂದ್ರ ಮುಖ್ಯ ಚಕ್ರಗಳ ಹಿಂದೆ ಇರುತ್ತದೆ. ಮೂಗು ಸ್ವಲ್ಪ ಓರೆಯಾದರೂ ಹಿಂದಿನ ಭಾರ ಮುಂದಕ್ಕೆ ನುಗ್ಗಿ ಓರೆಯನ್ನು ಹೆಚ್ಚಿಸುತ್ತದೆ. ಮೂಗಿನ ಚಕ್ರದ್ದರಲ್ಲಿ ವಿಮಾನ ತಾನೇ ನೆಟ್ಟಗಾಗುತ್ತದೆ, ಇದರಲ್ಲಿ ಆಗುವುದಿಲ್ಲ. ಆದ್ದರಿಂದ ಪೂರ್ತಿ ನಿಲ್ಲುವ ತನಕ ಪಾದಗಳು ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಪೆಡಲ್‌ಗಳ ಮೇಲೆ ಕೆಲಸ ಮಾಡುತ್ತಲೇ ಇರಬೇಕು. ಎಷ್ಟೋ ಗಿರಕಿಗಳು ಇಳಿದ ಕ್ಷಣದಲ್ಲಲ್ಲ, ವೇಗ ಇಳಿದು ರಡ್ಡರ್‌ಗೆ ಗಾಳಿ ಸಾಲದಾದಾಗ ಆಗುತ್ತವೆ. ನೆಲ ಮುಟ್ಟಿದ ಮೇಲೂ ಸ್ಟಿಕ್ (ಹಾರಿಸುವ ಹಿಡಿಕೋಲು) ಪೂರ್ತಿ ಹಿಂದಕ್ಕೆ, ಐಲರಾನ್ (ರೆಕ್ಕೆಯ ಹಿಂದಿನ ಅಂಚಿನ, ವಿಮಾನವನ್ನು ವಾಲಿಸುವ ಹಲಗೆ) ಗಾಳಿ ಬರುವ ಕಡೆಗೆ. ಪಕ್ಕಕ್ಕೆ ಜಾರುತ್ತಾ ನೆಲ ಮುಟ್ಟಲೇಬಾರದು. ಜೋರಾಗಿ ಪುಟಿದರೆ ಸರಿಪಡಿಸುತ್ತಾ ಕೂರಬೇಡಿ, ಪೂರ್ತಿ ಥ್ರಾಟಲ್ ಕೊಟ್ಟು ಮೇಲೇಳಿ.

ಯಂತ್ರದ ಕಡೆಯಿಂದಲೂ ಕಾರಣಗಳಿರುತ್ತವೆ. ಬಾಲಚಕ್ರ ತಿರುಗುವ ಅಕ್ಷವನ್ನು, ವಿಮಾನದ ಭಾರ ಅದರ ಮೇಲಿರುವಾಗಲೇ, ಪಕ್ಕದಿಂದ ನೋಡಿ. ಎಲೆ ಸ್ಪ್ರಿಂಗ್ ಸೋತು ಚಪ್ಪಟೆಯಾಗಿದ್ದರೆ ಅಕ್ಷದ ಮೇಲ್ತುದಿ ಮುಂದಕ್ಕೆ ವಾಲಿರುತ್ತದೆ. ಆಗ ಚಕ್ರ ಗಡಗಡ ನಡುಗಿ ಹಿಡಿತ ಬಿಡುತ್ತದೆ. ಸ್ಟೀರಿಂಗ್ ಸರಪಳಿಯ ಕೊಕ್ಕೆಗಳು ಸವೆದಿವೆಯೇ, ಸ್ಪ್ರಿಂಗ್ ಎರಡೂ ಬದಿ ಒಂದೇ ಬಿಗಿಯಲ್ಲಿವೆಯೇ, ಒಂದು ಬದಿಯ ಬ್ರೇಕ್ ಮಾತ್ರ ಕಚ್ಚುತ್ತದೆಯೇ, ಇವನ್ನು ನೋಡಿ. ಕಬ್‌ನಲ್ಲಿ ಬ್ರೇಕ್ ಹಿಮ್ಮಡಿಯದ್ದು. ಗಾಬರಿಯಲ್ಲಿ ಪಾದ ಅಲ್ಲಿಗೆ ಹೋಗದು. ಮೊದಲಿನ ಸೆಸ್ನಾ 140ಗಳಲ್ಲಿ ಚಕ್ರಗಳು ತುಸು ಹಿಂದಿದ್ದು, ಜೋರಾಗಿ ಬ್ರೇಕ್ ಒತ್ತಿದರೆ ಮೂಗಿನ ಮೇಲೆ ಬೀಳುವ ಸ್ವಭಾವ. ಅದಕ್ಕೇ ಕೆಲವದರಲ್ಲಿ ಚಕ್ರವನ್ನು ಮುಂದಕ್ಕೆ ತರುವ ಎಕ್ಸ್‌ಟೆಂಡರ್ ಹಾಕಿರುತ್ತಾರೆ.

ಉತ್ತರ 3: ಎಂಜಿನ್ ಸುಮ್ಮನಾಗುವುದು

ಈ ವಿಮಾನಗಳಲ್ಲಿ ಸಾಮಾನ್ಯವಾಗಿರುವ ಕಾಂಟಿನೆಂಟಲ್ ಎ-65, ಸಿ-85 ಗಟ್ಟಿ ಎಂಜಿನ್‌ಗಳು. ಆದರೆ ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟುವುದರಲ್ಲಿ ಹೆಸರುವಾಸಿ. ಲೈಕಮಿಂಗ್ ಕಂಪನಿಯ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್ ಬಿಸಿ ಎಣ್ಣೆಯ ಸಂಪ್‌ಗೇ ಅಂಟಿಕೊಂಡಿರುವುದರಿಂದ ಸ್ವಲ್ಪ ಕಾವು ಸಿಗುತ್ತದೆ. ಇವಕ್ಕೆ ಆ ಅನುಕೂಲವಿಲ್ಲ. 21 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪ, 80 ಶೇಕಡಾಕ್ಕಿಂತ ಹೆಚ್ಚು ತೇವಾಂಶ ಇದ್ದಾಗ ಅಪಾಯ ಅತಿ ಹೆಚ್ಚು. ಆದರೆ 38 ಡಿಗ್ರಿಯಲ್ಲಿ, 50 ಶೇಕಡಾ ತೇವಾಂಶದಲ್ಲೂ ಕಟ್ಟಬಹುದು. ಪೆಟ್ರೋಲು ಆವಿಯಾಗುವಾಗ ಒಳಗಿನ ಗಾಳಿ ಅಷ್ಟು ತಣ್ಣಗಾಗುತ್ತದೆ.

ಹಾರುವ ಮುನ್ನ ಸುಮಾರು 1,700 ಆರ್‌ಪಿಎಂನಲ್ಲಿ ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಬಿಡುವ ಗುಂಡಿ) ಪೂರ್ತಿ ಎಳೆಯಿರಿ. ಆರ್‌ಪಿಎಂ ಸ್ಪಷ್ಟವಾಗಿ ಬೀಳಬೇಕು. ಬೀಳದಿದ್ದರೆ ಬಿಸಿ ಗಾಳಿ ಬರುತ್ತಿಲ್ಲ ಎಂದರ್ಥ: ಕೇಬಲ್ ಜಾರಿದೆ, ಪೆಟ್ಟಿಗೆಯೊಳಗಿನ ಬಾಗಿಲು ಸವೆದಿದೆ, ಇಲ್ಲವೇ ಹೋಸ್ ಹರಿದಿದೆ. ಹಾಗಿದ್ದರೆ ಆ ದಿನ ಹಾರಬೇಡಿ. ಬಿದ್ದ ಮೇಲೆ ಹೀಟ್ ಹಾಗೇ ಇರುವಾಗ ಆರ್‌ಪಿಎಂ ತಾನೇ ಏರಿದರೆ ಆಗಲೇ ಗಡ್ಡೆ ಇತ್ತು. ತೇವದ ಹುಲ್ಲಿನ ಮೇಲೆ ಬಹಳ ಹೊತ್ತು ಐಡಲ್‌ನಲ್ಲಿ ಓಡಿಸಿದ್ದರೆ ಟೇಕಾಫ್‌ಗೆ ಸ್ವಲ್ಪ ಮುಂಚೆ ಇನ್ನೊಮ್ಮೆ ಮಾಡಿ. ಹಾರಾಟದಲ್ಲಿ ಹೀಟ್ ಎಳೆದಾಗ ಎಂಜಿನ್ ಕೆಲ ಕ್ಷಣ ಇನ್ನೂ ಕೆಟ್ಟದಾಗಿ ಕೆಮ್ಮುತ್ತದೆ, ಏಕೆಂದರೆ ಕರಗಿದ ನೀರು ಒಳಗೆ ಹೋಗುತ್ತಿದೆ. ಅದಕ್ಕೆ ಹೆದರಿ ಹೀಟ್ ಒಳಗೆ ತಳ್ಳಿದವರು ಹೊಲದಲ್ಲಿ ಇಳಿದಿದ್ದಾರೆ. ಪೂರ್ತಿ ಎಳೆದೇ ಇಡಿ. ಇಳಿಯಲು ಥ್ರಾಟಲ್ ತಗ್ಗಿಸುವ ಮೊದಲೇ ಎಳೆಯಿರಿ, ತಗ್ಗಿಸಿದ ಮೇಲೆ ಕಾವು ಸಾಲದು.

ಇಂಧನ: ಜೆ-3ರ ಮೂಗಿನ ಟ್ಯಾಂಕ್ 12 ಅಮೆರಿಕನ್ ಗ್ಯಾಲನ್, ಅಂದರೆ 45 ಲೀಟರ್. ಎ-65 ಗಂಟೆಗೆ ಸುಮಾರು 15 ಲೀಟರ್ ಕುಡಿಯುತ್ತದೆ. ಕಾಗದದಲ್ಲಿ ಮೂರು ಗಂಟೆ. ಎರಡು ಗಂಟೆಯ ಮೇಲೆ ಯೋಜನೆ ಹಾಕಬೇಡಿ. ಗೇಜು ಎಂದರೆ ಬೆಂಡಿನ ತೇಲುಗದ ಮೇಲೆ ನಿಂತ ತಂತಿ. ತಂತಿ ಬಾಗಿ ಮುಚ್ಚಳದಲ್ಲಿ ಸಿಕ್ಕಿಕೊಂಡರೆ ಟ್ಯಾಂಕ್ ಖಾಲಿಯಾದರೂ ತುಂಬಿದೆ ಎನ್ನುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲು ಬೆಂಡಿನ ಹಳೇ ವಾರ್ನಿಶ್ ಕರಗಿಸಿ, ಆ ಚೂರು ಫಿಲ್ಟರ್‌ಗೆ ಬರುತ್ತದೆ. ಮುಚ್ಚಳದ ಗಾಳಿರಂಧ್ರ ಮುಚ್ಚಿದ್ದರೆ ಇಂಧನ ಇಳಿಯುವುದೇ ಇಲ್ಲ. ಬಾಲ ಕೆಳಗಿದ್ದಾಗ ನೀರು ಟ್ಯಾಂಕಿನ ಹಿಂಭಾಗದ ಮೂಲೆಯಲ್ಲಿ ಕೂರುತ್ತದೆ, ಹಾಗಾಗಿ ಗ್ಯಾಸ್ಕೊಲೇಟರ್‌ನಿಂದ (ಇಂಧನದ ನೀರು, ಕಸ ಹಿಡಿಯುವ ಬಟ್ಟಲು) ಒಂದು ತೊಟ್ಟು ಬಿಟ್ಟು ನೋಡಿದರೆ ಸಾಲದು. ಬಾಲ ಎತ್ತಿ ಹಿಡಿದು ಇನ್ನೊಮ್ಮೆ ಬಿಡಿ.

ಕಾರ್ಬ್ಯುರೇಟರ್ ‘ಓವರ್‌ಹಾಲ್ ಆಗಿದೆ’ ಎಂದರೆ ಯಾವ ವರ್ಷ ಎಂದು ಕೇಳಿ. 2015ರ ಮಾರ್ಚ್ 5ರಂದು ಸಾಂಟಾ ಮೋನಿಕಾದಲ್ಲಿ ನಟ ಹ್ಯಾರಿಸನ್ ಫೋರ್ಡ್ ಹಾರಿಸುತ್ತಿದ್ದ, ಎರಡನೇ ಮಹಾಯುದ್ಧದ ಕಾಲದ ರಯಾನ್ ತರಬೇತಿ ವಿಮಾನ ಟೇಕಾಫ್ ಆದ ಕೂಡಲೇ ಶಕ್ತಿ ಕಳೆದುಕೊಂಡು ಗಾಲ್ಫ್ ಮೈದಾನದಲ್ಲಿ ಬಿತ್ತು. ಕಾರ್ಬ್ಯುರೇಟರ್‌ನ ಮುಖ್ಯ ಜೆಟ್ ತಿರುಪು ಸಡಿಲಾಗಿ ಕಳಚಿ, ಮಿತಿಮೀರಿ ಇಂಧನ ನುಗ್ಗಿತ್ತು. ಅದನ್ನು ಬಿಚ್ಚಿ ಜೋಡಿಸಿ ಸುಮಾರು 17 ವರ್ಷವಾಗಿತ್ತು. ಅದೇ ವರದಿಯಲ್ಲಿ ಇನ್ನೊಂದು ಪಾಠವಿದೆ: ಭುಜದ ಬೆಲ್ಟ್ ಅನ್ನು ಬಲವರ್ಧನೆಯಿಲ್ಲದೆ ಸೀಟಿನ ಬೆನ್ನಿಗೆ ಬಿಗಿದಿದ್ದರು, ಅದು ಕಿತ್ತುಬಂದು ಗಾಯ ಹೆಚ್ಚಾಯಿತು. ಅಮೆರಿಕದಲ್ಲಿ ಮುಂದಿನ ಸೀಟುಗಳಿಗೆ ಭುಜದ ಬೆಲ್ಟ್ ಕಡ್ಡಾಯವಾದದ್ದು 1978ರ ಜುಲೈ 18ರ ನಂತರ ತಯಾರಾದ ವಿಮಾನಗಳಿಗೆ ಮಾತ್ರ. ನಿಮ್ಮ 1946ರ ವಿಮಾನದಲ್ಲಿ ಸೊಂಟದ ಪಟ್ಟಿಯಷ್ಟೇ ಇರಬಹುದು. ಬಣ್ಣ, ರೇಡಿಯೋಗೆ ಮುಂಚೆ ಇದಕ್ಕೆ ಹಣ ಹಾಕಿ, ಫ್ರೇಮಿನ ಕೊಳವೆಗೇ ಸರಿಯಾಗಿ ಕಟ್ಟಿಸಿ.

ಉತ್ತರ 4: ರೆಕ್ಕೆ, ಸ್ಟ್ರಟ್, ಮರ, ಬಟ್ಟೆ

ಇಲ್ಲಿಯ ವೈಫಲ್ಯ ಅಪರೂಪ ನಿಜ, ಆದರೆ ಗಾಳಿಯಲ್ಲಿ ಏನೂ ಮಾಡಲಾಗದು. ಹಾಗಾಗಿ ಕೊಳ್ಳುವ ಮುನ್ನದ ತಪಾಸಣೆಯ ಬಹುಪಾಲು ಸಮಯ ಇದಕ್ಕೇ ಕೊಡಿ.

ಕಬ್‌ನ ರೆಕ್ಕೆಯ ಸ್ಟ್ರಟ್ (ರೆಕ್ಕೆಯನ್ನು ಒಡಲಿಗೆ ಆನಿಸುವ ಓರೆ ಊರುಗೋಲು) ಉಕ್ಕಿನ ಕೊಳವೆ. ನೀರು ಒಳಗಿಳಿದು ಕೆಳತುದಿಯಲ್ಲಿ ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ. ಹೊರಗೆ ಬಣ್ಣ ಫಳಫಳ ಅನ್ನುತ್ತಿರುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಹೊರಡಿಸಿದ ನಿರ್ದೇಶನ 2015-08-04ರ ಪ್ರಕಾರ ಸೀಲ್ ಮಾಡಿರದ ಸ್ಟ್ರಟ್‌ಗಳನ್ನು 24 ತಿಂಗಳಿಗೊಮ್ಮೆ ಪರೀಕ್ಷಿಸಬೇಕು, ಕೆಳತುದಿಯನ್ನು ಒಡಲಿಗೆ ಸೇರಿಸುವ ಫೋರ್ಕ್‌ನ ತಿರುಪಿನ ಸುತ್ತುಗಳಲ್ಲಿ ಬಿರುಕಿದೆಯೇ ಎಂದು 500 ಗಂಟೆಗೊಮ್ಮೆ ನೋಡಬೇಕು. ಸೀಲ್ ಮಾಡಿದ ಹೊಸ ಸ್ಟ್ರಟ್ ಹಾಕಿದ ವಿಮಾನ ಸಿಕ್ಕರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಚಾಂಪ್‌ನ ಸ್ಪಾರ್ (ರೆಕ್ಕೆಯುದ್ದಕ್ಕೂ ಹಾದ ತೊಲೆ) ಮರದ್ದು. ರೆಕ್ಕೆಯ ತುದಿ ನೆಲಕ್ಕೆ ಬಡಿದಾಗ ನಾರುಗಳು ಒತ್ತಿ ಮುರಿದು, ಮರದ ಎಳೆಗೆ ಅಡ್ಡಲಾಗಿ ಕೂದಲಿನಷ್ಟು ಸಣ್ಣ ಗೆರೆ ಬೀಳುತ್ತದೆ. ಜಾಗ ಬಹುತೇಕ ಸ್ಟ್ರಟ್ ಸೇರುವಲ್ಲಿ, ಪ್ಲೈವುಡ್ ಪಟ್ಟಿಯ ಹೊರ ಅಂಚಿನಲ್ಲಿ. ಟಾರ್ಚನ್ನು ನೇರವಾಗಿ ಹಿಡಿದರೆ ಕಾಣದು. ಮೇಲ್ಮೈಗೆ ಸವರಿದಂತೆ ಓರೆಯಾಗಿ ಬೆಳಕು ಬಿಟ್ಟು ಬೋರ್‌ಸ್ಕೋಪ್‌ನಲ್ಲಿ (ಸಂದಿಗೆ ತೂರಿಸುವ ನೋಟದ ಕೊಳವೆ) ಮೇಲೆ, ಕೆಳಗೆ, ಎರಡೂ ಮುಖ ನೋಡಬೇಕು. ರೆಕ್ಕೆಯ ಪಕ್ಕೆಲುಬುಗಳನ್ನು ಸ್ಪಾರ್‌ಗೆ ಹಿಡಿದ ಮೊಳೆಗಳು ಎದ್ದಿದ್ದರೆ, ಬಿದ್ದುಹೋಗಿದ್ದರೆ ಅಲ್ಲಿ ಸ್ಪಾರ್ ಅಲುಗಾಡಿದೆ ಎಂಬ ಸುಳಿವು. ಆಗ ಬಟ್ಟೆ ಕತ್ತರಿಸಿ ನೋಡದೆ ಸಹಿ ಹಾಕಬೇಡಿ.

ಬಟ್ಟೆ ಹತ್ತಿಯದ್ದಾದರೆ: ಗ್ರೇಡ್ ಎ ಬಟ್ಟೆ ಹೊಸದಿದ್ದಾಗ ಇಂಚಿಗೆ 80 ಪೌಂಡ್ ತಡೆಯುತ್ತದೆ, 56ಕ್ಕಿಂತ ಕೆಳಗಿಳಿದರೆ ಬದಲಿಸಬೇಕು. ಬಿಸಿಲು ಹೆಚ್ಚು ಬೀಳುವ ರೆಕ್ಕೆಯ ಮೇಲ್ಭಾಗದಲ್ಲಿ, ಗಾಢ ಬಣ್ಣವಿರುವಲ್ಲಿ ಪರೀಕ್ಷಿಸಿ. ಪಾಲಿಯೆಸ್ಟರ್ ಬಹಳ ಬಾಳುತ್ತದೆ. ಅದು ಬಾಳುವುದರಿಂದಲೇ ಅದರಡಿಯ ಕೊಳವೆ, ಮರವನ್ನು ದಶಕಗಟ್ಟಲೆ ಯಾರೂ ನೋಡಿರುವುದಿಲ್ಲ.

ಹೊಸ ಬಿಡಿಭಾಗ ಎಂದಾಕ್ಷಣ ನಿಶ್ಚಿಂತೆಯೂ ಬೇಡ. 2013ರ ಡಿಸೆಂಬರ್ 16ರಂದು ಆಸ್ಟ್ರೇಲಿಯಾದ ಸೌತ್ ಸ್ಟ್ರಾಡ್‌ಬ್ರೋಕ್ ದ್ವೀಪದ ಬಳಿ ಮೇಲೊಂದು ಕೆಳಗೊಂದು ಜೋಡಿ ರೆಕ್ಕೆಯ ಹಳೇ ಟೈಗರ್ ಮಾತ್ ವಿಮಾನವೊಂದರ ಎಡಬದಿಯ ರೆಕ್ಕೆ ಹಾರಾಟದಲ್ಲೇ ಮುರಿದು ಇಬ್ಬರೂ ತೀರಿಕೊಂಡರು. ಕೆಳ ರೆಕ್ಕೆಗಳನ್ನು ಒಡಲಿಗೆ ಹಿಡಿದಿಡುವ ಅಡ್ಡ ದಂಡಗಳೆರಡೂ ತಿರುಪಿನ ಸುತ್ತುಗಳ ಭಾಗದಲ್ಲಿ ದಣಿವಿನ ಬಿರುಕಿನಿಂದ ತುಂಡಾಗಿದ್ದವು. ಅವು ನಂತರ ತಯಾರಾದ ಬದಲಿ ಭಾಗಗಳು. ಇಂಥ ದಂಡಕ್ಕೆ ನಿಗದಿಯಾದ ಆಯುಸ್ಸು 2,000 ಗಂಟೆ ಅಥವಾ 18 ವರ್ಷ. ಅದಕ್ಕೆ ಬಹಳ ಮುಂಚೆಯೇ ಮುರಿದವು.

ಉತ್ತರ 5: ತಿರುವು, ಎತ್ತರ, ಮೋಡ

ಕಬ್‌ನ ಸ್ಟಾಲ್ ವೇಗ ಗಂಟೆಗೆ ಸುಮಾರು 38 ಮೈಲಿ. 45 ಡಿಗ್ರಿ ವಾಲಿಸಿ ಎತ್ತರ ಬಿಡದೆ ತಿರುಗಿಸಿದರೆ 45, 60 ಡಿಗ್ರಿಯಲ್ಲಿ 54. ಕಬ್ ಏರುವ ವೇಗವೇ ಸುಮಾರು 55. ಟೇಕಾಫ್ ಆದ ಮೇಲೆ ಎಂಜಿನ್ ನಿಂತು, ರನ್‌ವೇಗೆ ಮರಳಲು ಚೂಪಾಗಿ ತಿರುಗಿಸಿದವರು ಯಾಕೆ ಸ್ಪಿನ್‌ಗೆ (ಸುತ್ತುತ್ತಾ ಕೆಳಗೆ ಉರುಳುವುದು) ಬಿದ್ದರು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಇವು ಹಗುರ, ಗಾಳಿಯ ತಡೆ ಹೆಚ್ಚು, ವೇಗ ತಕ್ಷಣ ಸೋರಿಹೋಗುತ್ತದೆ. ಎಂಜಿನ್ ನಿಂತ ಕೂಡಲೇ ಮೂಗು ಕೆಳಗೆ, ಮುಂದಿರುವ ಜಾಗದಲ್ಲೇ ಇಳಿಯಿರಿ. ಕಬ್‌ನಲ್ಲಿ ಸ್ಟಾಲ್ ಎಚ್ಚರಿಕೆಯ ಸದ್ದೂ ಇಲ್ಲ.

ಬಿಸಿಲಿನ ಲೆಕ್ಕ (ಬಿಸಿ ಗಾಳಿ ತೆಳು, ವಿಮಾನಕ್ಕೆ ಇನ್ನೂ ಎತ್ತರದಲ್ಲಿದ್ದಂತೆ): 3,000 ಅಡಿ ಎತ್ತರದ ಮೈದಾನ, 35 ಡಿಗ್ರಿ. ಆ ಎತ್ತರದ ಪ್ರಮಾಣಿತ ತಾಪ 9 ಡಿಗ್ರಿ, ವ್ಯತ್ಯಾಸ 26. ಡಿಗ್ರಿಗೆ 120 ಅಡಿಯಂತೆ ಸೇರಿಸಿದರೆ ವಿಮಾನಕ್ಕೆ ಅದು 6,100 ಅಡಿ. ಸಾವಿರ ಅಡಿಗೆ 3 ಶೇಕಡಾ ಶಕ್ತಿ ಕಡಿಮೆ ಎಂದರೂ 65 ಅಶ್ವಶಕ್ತಿ 53ಕ್ಕಿಳಿಯುತ್ತದೆ. ಇಬ್ಬರು ಭಾರದ ಜನ ಕೂತರೆ ಮರದ ಸಾಲು ದಾಟುವುದು ಅನುಮಾನ. ರನ್‌ವೇಯ ಅರ್ಧಕ್ಕೆ ಟೇಕಾಫ್ ವೇಗದ 70 ಶೇಕಡಾ ಬರದಿದ್ದರೆ ಥ್ರಾಟಲ್ ಎಳೆದುಬಿಡಿ.

ಮೋಡದ ವಿಷಯಕ್ಕೆ 1959ರ ಫೆಬ್ರವರಿ 3ರ ಬೊನಾಂಜಾ ವಿಮಾನದ ಅಪಘಾತದ ವರದಿ ಓದಿ. ಅಯೋವಾದ ಕ್ಲಿಯರ್ ಲೇಕ್ ಬಳಿ ಗಾಯಕ ಬಡಿ ಹಾಲಿ ತೀರಿಕೊಂಡದ್ದು ಅದರಲ್ಲೇ. ಹೊರಗೆ ಏನೂ ಕಾಣದಾಗ ಉಪಕರಣ ನೋಡಿ ಹಾರುವ ಅರ್ಹತೆ ಪೈಲಟ್‌ಗೆ ಇರಲಿಲ್ಲ. ಅದರಲ್ಲಿದ್ದ ಸ್ಪೆರಿ ಗೈರೋ ಎಂಬ ಉಪಕರಣ, ಮೂಗು ಮೇಲೆ-ಕೆಳಗೆ ಎಂಬುದನ್ನು ಸಾಮಾನ್ಯ ಉಪಕರಣಕ್ಕೆ ತಿರುಗುಮುರುಗಾಗಿ ತೋರಿಸುತ್ತಿತ್ತು. ಹಳೇ ವಿಮಾನದ ಫಲಕದಲ್ಲಿರುವ ಪ್ರತಿಯೊಂದು ಮಾಪಕ ಹೇಗೆ ಓದಬೇಕೆಂದು ನೆಲದ ಮೇಲೇ ತಿಳಿದುಕೊಳ್ಳಿ.

ಉತ್ತರ 6: ಕೈಯಿಂದ ಸ್ಟಾರ್ಟ್ ಮಾಡುವುದು

ಕಬ್, ಚಾಂಪ್‌ಗಳಲ್ಲಿ ಹೆಚ್ಚಿನವಕ್ಕೆ ಸ್ಟಾರ್ಟರ್ ಇಲ್ಲ, ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿಯೇ ಎಂಜಿನ್ ಶುರುಮಾಡಬೇಕು. ಪೈಲಟ್ ಇಲ್ಲದೆ ವಿಮಾನ ತಾನೇ ಓಡಿಹೋಗಿ ಹ್ಯಾಂಗರ್‌ಗೆ ಗುದ್ದಿದ ವರದಿಗಳು ಸಾಲುಸಾಲಾಗಿವೆ. ಬಾಲಕ್ಕೆ ಹಗ್ಗ, ಚಕ್ರಕ್ಕೆ ಅಡ್ಡಗಟ್ಟೆ, ಒಳಗೆ ವಿಷಯ ಗೊತ್ತಿರುವವರು. ಥ್ರಾಟಲ್ ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿಸಿ. ಸ್ವಿಚ್ ಆಫ್ ಇದ್ದರೂ ಪ್ರೊಪೆಲ್ಲರ್ ಜೀವಂತ ಎಂದೇ ಭಾವಿಸಿ, ಏಕೆಂದರೆ ಮ್ಯಾಗ್ನೆಟೋದ (ಎಂಜಿನ್‌ಗೆ ಕಿಡಿ ಕೊಡುವ ಭಾಗ) ಪಿ-ಲೀಡ್, ಅಂದರೆ ಆಫ್ ಮಾಡಿದಾಗ ಕಿಡಿ ನಿಲ್ಲಿಸುವ ತಂತಿ, ತುಂಡಾಗಿದ್ದರೆ ಆಫ್ ಎಂಬುದೇ ಇಲ್ಲ. ಪ್ರತಿ ಹಾರಾಟದ ಕೊನೆಗೆ ಐಡಲ್‌ನಲ್ಲಿ ಸ್ವಿಚ್ಚನ್ನು ಒಂದು ಕ್ಷಣ ಆಫ್ ಮಾಡಿ: ಎಂಜಿನ್ ಸಾಯತೊಡಗಬೇಕು. ಓಡುತ್ತಲೇ ಇದ್ದರೆ ತಂತಿ ಹೋಗಿದೆ.

ಕೇಳಿದವರಿಂದ: ಒಂದು ಕಬ್‌ನ ಮಾರಾಟಗಾರರು ‘ಸ್ಟ್ರಟ್ ಹೊಸದು’ ಎನ್ನುತ್ತಾರೆ. ಮಾತು ಸಾಕೇ?

ಉತ್ತರ 4ರವರಿಂದ: ಸಾಲದು. ಲಾಗ್‌ಬುಕ್‌ನಲ್ಲಿ ಸ್ಟ್ರಟ್‌ನ ಪಾರ್ಟ್ ಸಂಖ್ಯೆ, ಹಾಕಿದ ದಿನಾಂಕ, ಸಹಿ ಮೂರೂ ಇರಬೇಕು. ಆ ಸಂಖ್ಯೆ ಸೀಲ್ ಮಾಡಿದ ಮಾದರಿಯದ್ದೇ ಎಂದು ನಿರ್ದೇಶನದ ಪಠ್ಯದೊಂದಿಗೆ ತಾಳೆ ನೋಡಿ. ಫೋರ್ಕ್‌ಗಳ ನಮೂದು ಬೇರೆಯೇ ಇರುತ್ತದೆ: ಸ್ಟ್ರಟ್ ಹೊಸದು, ಫೋರ್ಕ್ ಹಳೆಯದು ಆಗಿರಬಹುದು. ಕೆಲಸ ಮಾಡುವಾಗ ಐಲರಾನ್ ಕೇಬಲ್ ಬಿಚ್ಚಿದ್ದರೆ ಅವು ಅದಲುಬದಲಾಗಿ ಸೇರಿರಬಹುದು. ಸ್ಟಿಕ್ ಹಿಡಿದು ಹೆಬ್ಬೆರಳು ಮೇಲೆತ್ತಿ, ಎಡಕ್ಕೆ ವಾಲಿಸಿ. ಹೆಬ್ಬೆರಳು ತೋರಿಸುವ ಬದಿಯ ಐಲರಾನ್ ಮೇಲೇಳಬೇಕು.