ಟೊಮ್ಯಾಟೊ ಪ್ಯೂರಿ ಲೈನ್: ಅಲ್ಟ್ರಾಸೌಂಡ್ ವಿಸ್ಕಾಸಿಟಿ ಲ್ಯಾಬಿಗಿಂತ ದುಪ್ಪಟ್ಟು ಬರುತ್ತಿದೆ

ಪ್ಯೂರಿ_ಲೈನ್: ತಲೆ ಕೆಟ್ಟುಹೋಗಿದೆ. ಪ್ಯೂರಿ ಹರಿಯುವಾಗಲೇ ವಿಸ್ಕಾಸಿಟಿ (ಎಷ್ಟು ಗಟ್ಟಿ ಅಂತ) ಅಳೆಯಲು ಲೈನಿಗೆ ಅಲ್ಟ್ರಾಸೌಂಡ್ ಡಾಪ್ಲರ್ ಹಾಕಿಸಿದ್ದೇವೆ, ಶಬ್ದ ಕಳಿಸಿ ಪೈಪಿನೊಳಗಿನ ಹರಿವಿನ ವೇಗ ಅಳೆಯುವ ಸೆನ್ಸರ್. ವೇಗದ ಪ್ರೊಫೈಲ್ ಚೆನ್ನಾಗಿಯೇ ಬರುತ್ತದೆ, ನಡುವೆ ಚಪ್ಪಟೆ, ಗೋಡೆ ಹತ್ತಿರ ಇಳಿಜಾರು. ವಿಸ್ಕಾಸಿಟಿ ಮಾತ್ರ ಲ್ಯಾಬಿನದಕ್ಕಿಂತ ದುಪ್ಪಟ್ಟು. ಸೆಟ್ಟಿಂಗ್ ಎಲ್ಲ ಸರಿ ಇದೆ. ಮ್ಯಾನೇಜರ್ ದಿನಾ ಕೇಳುತ್ತಾರೆ, ಏನು ಹೇಳಲಿ?

ಪಂಪ್_ಮೇಸ್ತ್ರಿ: ಗಾಳಿ. ಗುಳ್ಳೆ ಸೇರಿದರೆ ಅಲ್ಟ್ರಾಸೌಂಡ್ ಒಳಗೆ ಹೋಗುವುದೇ ಇಲ್ಲ. ಪಂಪಿನ ಸೀಲ್ ಬಿಚ್ಚಿ ನೋಡಿ.

ಲ್ಯಾಬ್_ಅಕ್ಕ: ಲ್ಯಾಬಿನಲ್ಲಿ ಯಾವ ಶಿಯರ್ ರೇಟ್ (ಪದರಗಳು ಒಂದರ ಮೇಲೊಂದು ಜಾರುವ ವೇಗ), ಎಷ್ಟು ಬಿಸಿ? ಪ್ಯೂರಿ ಜೋರಾಗಿ ಹರಿದಷ್ಟೂ ತೆಳುವಾಗುತ್ತದೆ. ಅದು ಗೊತ್ತಿಲ್ಲದೆ ಎರಡು ಅಂಕಿಗಳನ್ನು ಹೋಲಿಸಬೇಡಿ.

ಪ್ಯೂರಿ_ಲೈನ್: ಎರಡೂ ಕಡೆ ಒಂದೇ ಶಿಯರ್ ರೇಟ್, ಒಂದೇ 60 ಡಿಗ್ರಿ, ಮೇಡಂ.

ಪಂಪ್_ಮೇಸ್ತ್ರಿ: 60 ಡಿಗ್ರಿ ಅಂದರೆ ಗಾಳಿಯೇ. ಸೀಲ್ ನೋಡಿದ್ರಾ?

ಡಾಪ್ಲರ್_ಹುಚ್ಚ: ಗಾಳಿ ಇದ್ದರೆ ಪ್ರೊಫೈಲೇ ಚಿಂದಿಯಾಗಬೇಕಿತ್ತು. ಶಬ್ದದ ವೇಗ ಎಷ್ಟು ಕೊಟ್ಟಿದ್ದೀರಿ?

ಪ್ಯೂರಿ_ಲೈನ್: 1480. ಮೊದಲಿಂದ ಇದ್ದದ್ದೇ.

ಡಾಪ್ಲರ್_ಹುಚ್ಚ: ಅದು 20 ಡಿಗ್ರಿ ನೀರಿನದು. 60ರಲ್ಲಿ ನೀರಿಗೇ ಸೆಕೆಂಡಿಗೆ ಸುಮಾರು 1550 ಮೀಟರ್. ಬದಲಿಸಿ, ಆದರೆ ದುಪ್ಪಟ್ಟಿಗೆ ಅದು ಕಾರಣವಲ್ಲ. ಅದು ತಪ್ಪಿದರೆ ಹರಿವಿನ ವೇಗವೂ ಆಳವೂ ಒಟ್ಟಿಗೇ ತಪ್ಪುತ್ತವೆ, ಇಳಿಜಾರು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಪ್ರೊಫೈಲಿನಿಂದ ಒಟ್ಟು ಹರಿವು ಲೆಕ್ಕ ಹಾಕಿ, ಮ್ಯಾಗ್ನೆಟಿಕ್ ಮೀಟರ್ ಜೊತೆ ಹೋಲಿಸಿ.

ಚಾಕೊಲೇಟ್_ಲೈನ್: ನಮ್ಮಲ್ಲಿ ಸೆನ್ಸರ್ ಪೈಪಿನ ಹೊರಗೇ ಇದೆ. ಒಂದು ತೂತೂ ಕೊರೆದಿಲ್ಲ. ನೀವೂ ಹಾಗೇ ಮಾಡಬೇಕಿತ್ತು.

ಪಂಪ್_ಮೇಸ್ತ್ರಿ: ಸ್ಟೀಲ್ ದಾಟುವಾಗ ಕಿರಣ ಬಾಗುತ್ತದೆ, ಗೋಡೆ ಹತ್ತಿರದ ಅಳತೆ ಕೆಡುತ್ತದೆ. ಹೊರಗಿನದನ್ನು ನಾನು ನಂಬಲ್ಲ.

ಚಾಕೊಲೇಟ್_ಲೈನ್: ಬಾಗುವುದನ್ನು ಲೆಕ್ಕಕ್ಕೆ ತಗೊಂಡರೆ ಆಯ್ತು. ನೋಡದೆ ಹೇಳಬೇಡಿ.

ಪ್ಯೂರಿ_ಲೈನ್: ಜಗಳ ಆಮೇಲೆ ಆಡಿ. ಮ್ಯಾಗ್ನೆಟಿಕ್ ಮೀಟರಿನಲ್ಲಿ ಗಂಟೆಗೆ 4.0 ಘನ ಮೀಟರ್, ನಮ್ಮದರಲ್ಲಿ 3.8.

ಡಾಪ್ಲರ್_ಹುಚ್ಚ: ಆ ಚೂರು ವ್ಯತ್ಯಾಸ 1480ರದ್ದು. ಅಲ್ಟ್ರಾಸೌಂಡ್ ಸರಿ ಇದೆ, ಒತ್ತಡದ ಕಡೆ ನೋಡಿ. ಗೋಡೆಯ ಮೇಲಿನ ಶಿಯರ್ (ತಿಕ್ಕಾಟದ ಎಳೆತ) ಬರುವುದೇ ಎರಡು ಟ್ಯಾಪಿಂಗ್ (ಒತ್ತಡ ಅಳೆಯುವ ಜಾಗ) ನಡುವಿನ ಒತ್ತಡದ ವ್ಯತ್ಯಾಸದಿಂದ. ಅದನ್ನು ಇಳಿಜಾರಿನಿಂದ ಭಾಗಿಸಿದರೆ ವಿಸ್ಕಾಸಿಟಿ. ನಡುವೆ ಏನಿದೆ?

ಪ್ಯೂರಿ_ಲೈನ್: ಒಂದು ಮೀಟರ್ ಪೈಪು. ಒಂದು ಎಲ್ಬೋ (ಪೈಪಿನ ತಿರುವು), ಅಲ್ಲಿಂದ ಅರ್ಧ ಮೀಟರ್ ಮೇಲಕ್ಕೆ. ಜಾಗ ಇರಲಿಲ್ಲ, ಪರವಾಗಿಲ್ಲ ಅಂತ ಹಾಕಿದವರೇ ಹೇಳಿದರು. ವ್ಯತ್ಯಾಸ 10 ಕಿಲೋಪಾಸ್ಕಲ್ ತೋರಿಸುತ್ತದೆ.

ಡಾಪ್ಲರ್_ಹುಚ್ಚ: ಇದನ್ನು ಮೊದಲೇ ಹೇಳಬಾರದಾ! ಅರ್ಧ ಮೀಟರ್ ಪ್ಯೂರಿಯ ಭಾರವೇ ಸುಮಾರು 5 ಕಿಲೋಪಾಸ್ಕಲ್. ಎಲ್ಬೋದ ನಷ್ಟ ಬೇರೆ. ಅಷ್ಟನ್ನೂ ನಿಮ್ಮ ಲೆಕ್ಕ ತಿಕ್ಕಾಟ ಅಂತ ತಗೊಳ್ಳುತ್ತಿದೆ.

ಲ್ಯಾಬ್_ಅಕ್ಕ: ಪೈಪು ತುಂಬಿದ್ದಾಗ ಒತ್ತಡದ ಮೀಟರ್ ಜೀರೋ ಮಾಡಿದ್ದರೆ ಭಾರ ಕಳೆದುಹೋಗಿರುತ್ತದೆ ಅಲ್ವಾ?

ಪ್ಯೂರಿ_ಲೈನ್: ಖಾಲಿ ಇದ್ದಾಗ ಮಾಡಿದರು.

ಲ್ಯಾಬ್_ಅಕ್ಕ: ಹಾಗಾದರೆ ಮತ್ತೆ ಮಾಡಿ. ಪ್ಯೂರಿ ತುಂಬಿಸಿ ಮಾಡಬೇಡಿ. ಪಂಪ್ ನಿಲ್ಲಿಸಿದರೂ ಅದು ಒಳಗೆ ಬಿಗಿ ಹಿಡಿದು ನಿಂತಿರುತ್ತದೆ, ಒತ್ತಡ ಪೂರ್ತಿ ಇಳಿಯುವುದಿಲ್ಲ. ನೀರು ತುಂಬಿಸಿ, ನಿಲ್ಲಿಸಿ, ಜೀರೋ ಮಾಡಿ. ಸಾಂದ್ರತೆಯ ವ್ಯತ್ಯಾಸ ಆಮೇಲೆ ಕಳೆಯಿರಿ.

ಪಂಪ್_ಮೇಸ್ತ್ರಿ: ನೀರು ಬಿಟ್ಟಾಗ ಸೀಲೂ ನೋಡಿಬಿಡಿ.

ಪ್ಯೂರಿ_ಲೈನ್: ಭಾನುವಾರ ಲೈನ್ ತೊಳೆಯುವಾಗ ಮಾಡುತ್ತೇನೆ. ಎಲ್ಬೋ ನಷ್ಟಕ್ಕೆ ಏನು ಮಾಡಲಿ? ಟ್ಯಾಪಿಂಗ್ ನೇರ ಭಾಗಕ್ಕೆ ತಂದರೆ 40 ಸೆಂ.ಮೀ. ಮಾತ್ರ ಸಿಗುತ್ತದೆ. ಸಾಕಾ?

ಚಾಕೊಲೇಟ್_ಲೈನ್: ನಮ್ಮಲ್ಲಿ ಎರಡು ಮೀಟರ್ ನೇರ ಪೈಪು ಬಿಟ್ಟಿದ್ದೇವೆ. ಫೋಟೊ ಹಾಕಲಾ?